ಕ್ಲಿನಿಕಲ್ ಸೈಕಾಲಜಿಯಲ್ಲಿ ಪಿಎಚ್‌ಡಿ: ಇಲ್ಲೇ ಮಾಡಬೇಕಾ, ಅಮೆರಿಕಕ್ಕೆ ಅರ್ಜಿ ಹಾಕಬೇಕಾ?

ದಾವಣಗೆರೆಯವಳು

ಎಲ್ಲರಿಗೂ ನಮಸ್ಕಾರ. ನಾನು ಎಂಎಸ್ಸಿ ಸೈಕಾಲಜಿ ಕೊನೆಯ ವರ್ಷದಲ್ಲಿದ್ದೇನೆ. ಮುಂದೆ ಕ್ಲಿನಿಕಲ್ ಸೈಕಾಲಜಿಯಲ್ಲಿ ಪಿಎಚ್‌ಡಿ ಮಾಡಬೇಕು ಅಂತ ತುಂಬಾ ಆಸೆ. ಆದರೆ ಯಾರನ್ನು ಕೇಳಿದರೂ ಒಂದೊಂದು ಹೇಳುತ್ತಾರೆ. ಕಾಲೇಜಿನಲ್ಲಿ ಯುಜಿಸಿಯ ನೆಟ್ ಪರೀಕ್ಷೆ ಬರಿ ಅಂತಾರೆ. ಸೀನಿಯರ್ಸ್ ಮೊದಲು ಎಂ.ಫಿಲ್ ಮುಗಿಸು ಅಂತಾರೆ. ಅಮೆರಿಕದಲ್ಲಿರುವ ನಮ್ಮ ಅತ್ತೆ ಮಗ, ಅಲ್ಲಿ ಪಿಎಚ್‌ಡಿಗೆ ಅವರೇ ದುಡ್ಡು ಕೊಡ್ತಾರೆ, ಸುಮ್ನೆ ಇಲ್ಲಿ ಯಾಕೆ ಟೈಮ್ ಹಾಳು ಮಾಡ್ತೀಯ ಅಂತಾನೆ. ಅಪ್ಪನಿಗೆ ಮಗಳ ಹೆಸರಿನ ಮುಂದೆ ‘ಡಾ.’ ಬಂದರೆ ಸಾಕು.

ನನಗೆ ಪೇಷೆಂಟ್ ನೋಡುವುದೂ ಇಷ್ಟ, ರಿಸರ್ಚೂ ಇಷ್ಟ. ಡಿಸೆಂಬರ್ ಡೆಡ್‌ಲೈನ್‌ಗೆ ಅಮೆರಿಕಕ್ಕೆ ಅರ್ಜಿ ಹಾಕುವ ಯೋಚನೆ ಇದೆ. ಈ ದಾರಿಯಲ್ಲಿ ಹೋದವರು ದಯವಿಟ್ಟು ಹೇಳಿ.

ಸಾಧನಕೇರಿ

ತಂಗಿ, ಅರ್ಜಿಯ ವಿಷಯ ಆಮೇಲೆ ಮಾತಾಡೋಣ. ಅದಕ್ಕಿಂತ ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು, ಯಾಕೆಂದರೆ ಪ್ರತಿ ವರ್ಷ ಯಾರಾದರೂ ಒಬ್ಬರು ಇಲ್ಲೇ ಎಡವುತ್ತಾರೆ. ನಮ್ಮ ದೇಶದಲ್ಲಿ ಪಿಎಚ್‌ಡಿ ಮಾಡಿದ ಮಾತ್ರಕ್ಕೆ ನೀವು ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ.

ಇಲ್ಲಿ ಲೆಕ್ಕಕ್ಕೆ ಬರುವುದು ಆರ್‌ಸಿಐ ನೋಂದಣಿ. ಭಾರತೀಯ ಪುನರ್ವಸತಿ ಪರಿಷತ್ತು, 1992ರ ಕಾಯ್ದೆಯಿಂದ ಬಂದದ್ದು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಯಾರು ಅಂತಲೂ ಬರೆದಿದ್ದಾರೆ. ಆರ್‌ಸಿಐ ಒಪ್ಪಿದ ಸಂಸ್ಥೆಯಿಂದ ಮಾನ್ಯವಾದ ಅರ್ಹತೆ ಇರಬೇಕು. ಇಲ್ಲವೇ ಸೈಕಾಲಜಿ ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್, ಅದರಲ್ಲಿ ಮೇಲ್ವಿಚಾರಣೆಯಲ್ಲಿ ನಡೆದ ಕ್ಲಿನಿಕಲ್ ತರಬೇತಿ ಇರಬೇಕು. ಸುಮ್ನೆ ‘ಸೈಕಾಲಜಿಯಲ್ಲಿ ಪಿಎಚ್‌ಡಿ’ ಎಂದರೆ ಅದು ಈ ಪಟ್ಟಿಯೊಳಗೆ ಬರುವುದಿಲ್ಲ.

ನಾನು ಜಿಲ್ಲಾಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ಐಕ್ಯೂ ಟೆಸ್ಟ್ ಮಾಡಿ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ವರದಿ ಕೊಡುವಾಗ ಕೆಳಗೆ ಸಹಿ, ಅದರ ಕೆಳಗೆ ನನ್ನ ಸಿಆರ್‌ಆರ್ ನಂಬರ್, ಅಂದರೆ ಆರ್‌ಸಿಐ ನೋಂದಣಿ ಸಂಖ್ಯೆ, ಬರೆಯಲೇಬೇಕು. ಆ ನಂಬರ್ ಇಲ್ಲದ ವರದಿ ಹಿಡಿದುಕೊಂಡು ಬಂದ ತಾಯಿಯೊಬ್ಬರು ನಮ್ಮ ಓಪಿಡಿಯಲ್ಲಿ ಅತ್ತಿದ್ದಾರೆ. ಮಗುವಿಗೆ ಮತ್ತೆ ಮೊದಲಿಂದ ಟೆಸ್ಟ್ ಮಾಡಬೇಕಾಯಿತು. ವರದಿ ಬರೆದವರಿಗೆ ಡಾಕ್ಟರೇಟ್ ಇತ್ತು, ಆರ್‌ಸಿಐ ಇರಲಿಲ್ಲ.

ಹಾಗಾಗಿ ಮೊದಲ ಪ್ರಶ್ನೆ: ನಿಮಗೆ ಬೇಕಾಗಿರುವುದು ಪೇಷೆಂಟ್ ನೋಡುವ ಪರವಾನಗಿಯೋ, ಸಂಶೋಧನೆ ಮಾಡುವ ತರಬೇತಿಯೋ, ಎರಡೂನೋ?

ಮಂಡ್ಯ ಟು ಮಿಡ್‌ವೆಸ್ಟ್

ಸಾಧನಕೇರಿ ಮೇಡಂ ಹೇಳಿದ್ದಕ್ಕೆ ನೂರಕ್ಕೆ ನೂರು ಒಪ್ಪುತ್ತೇನೆ. ನಾನು ಅಮೆರಿಕದಲ್ಲಿ ಕ್ಲಿನಿಕಲ್ ಪಿಎಚ್‌ಡಿ ಮಾಡುತ್ತಿದ್ದೇನೆ, ಇಂಟರ್ನ್‌ಶಿಪ್ ಹಂತಕ್ಕೆ ಬಂದಿದ್ದೇನೆ. ಇಲ್ಲಿಯ ವ್ಯವಸ್ಥೆಯ ತಳಹದಿಯೇ ಬೇರೆ. 1949ರಲ್ಲಿ ಕೊಲೊರಾಡೊದ ಬೌಲ್ಡರ್‌ನಲ್ಲಿ ಒಂದು ಸಮ್ಮೇಳನ ನಡೆಯಿತು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವವರು ವಿಜ್ಞಾನಿಯೂ ಆಗಿರಬೇಕು, ಚಿಕಿತ್ಸಕರೂ ಆಗಿರಬೇಕು ಅಂತ ಅಲ್ಲಿ ತೀರ್ಮಾನವಾಯಿತು. ಇವತ್ತಿಗೂ ಪಿಎಚ್‌ಡಿ ಕಾರ್ಯಕ್ರಮಗಳು ನಿಂತಿರುವುದು ಅದರ ಮೇಲೆ. ಆದ್ದರಿಂದ ಇಲ್ಲಿ ಪಿಎಚ್‌ಡಿಯೊಳಗೇ ಕ್ಲಿನಿಕಲ್ ತರಬೇತಿ ಬರುತ್ತದೆ. ಕ್ಯಾಂಪಸ್ಸಿನ ಕ್ಲಿನಿಕ್‌ನಲ್ಲಿ ಪ್ರಾಕ್ಟಿಕಮ್ (ಮೇಲ್ವಿಚಾರಣೆಯಲ್ಲಿ ಪೇಷೆಂಟ್ ನೋಡುವ ತರಬೇತಿ), ಆಮೇಲೆ ಹೊರಗಿನ ಆಸ್ಪತ್ರೆಗಳು, ಕೊನೆಗೆ ಒಂದು ವರ್ಷದ ಪೂರ್ಣಾವಧಿ ಇಂಟರ್ನ್‌ಶಿಪ್. ಅದಾದ ಮೇಲೆ ಇಪಿಪಿಪಿ ಅನ್ನುವ ಪರೀಕ್ಷೆ, ರಾಜ್ಯದ ಲೈಸೆನ್ಸ್.

ದಾವಣಗೆರೆಯವರೇ, ನಿಮ್ಮ ಅತ್ತೆ ಮಗ ಹೇಳಿದ್ದು ಅರ್ಧ ನಿಜ. ವಿಶ್ವವಿದ್ಯಾಲಯಗಳ ಪಿಎಚ್‌ಡಿಗಳಲ್ಲಿ ಸಾಮಾನ್ಯವಾಗಿ ಟ್ಯೂಷನ್ ಮನ್ನಾ ಇರುತ್ತದೆ, ತಿಂಗಳಿಗೆ ಸ್ಟೈಪೆಂಡ್ ಬರುತ್ತದೆ. ಬದಲಿಗೆ ನೀವು ಪಾಠ ಮಾಡಬೇಕು ಇಲ್ಲವೇ ಲ್ಯಾಬ್‌ನಲ್ಲಿ ದುಡಿಯಬೇಕು. ಅವನು ಹೇಳದ ಇನ್ನರ್ಧ ಅಂದರೆ ಸೀಟು. ಒಂದು ಕಾರ್ಯಕ್ರಮಕ್ಕೆ ನೂರಾರು ಅರ್ಜಿ ಬರುತ್ತವೆ, ತೆಗೆದುಕೊಳ್ಳುವುದು ಬೆರಳೆಣಿಕೆಯಷ್ಟು ಜನರನ್ನು. ಮೆಡಿಕಲ್ ಸೀಟಿಗಿಂತ ಕಷ್ಟ ಅಂತ ಇಲ್ಲಿಯವರೇ ಹೇಳುತ್ತಾರೆ.

ಇನ್ನೊಂದು ವಿಷಯ ಊರಲ್ಲಿ ಯಾರೂ ಹೇಳಿಕೊಡುವುದಿಲ್ಲ. ಇಲ್ಲಿ ನೀವು ಅರ್ಜಿ ಹಾಕುವುದು ಹೆಸರಿಗೆ ವಿಶ್ವವಿದ್ಯಾಲಯಕ್ಕೆ, ನಿಜವಾಗಿ ಒಬ್ಬ ಪ್ರೊಫೆಸರ್‌ಗೆ. ಬಹಳಷ್ಟು ಕಡೆ ಮೆಂಟರ್ ಮಾದರಿ ಇದೆ. ಆ ವರ್ಷ ಯಾವ ಪ್ರೊಫೆಸರ್ ಹೊಸ ವಿದ್ಯಾರ್ಥಿ ತೆಗೆದುಕೊಳ್ಳುತ್ತಾರೆ ಅಂತ ವೆಬ್‌ಸೈಟಿನಲ್ಲಿ ಹಾಕಿರುತ್ತಾರೆ. ನಿಮ್ಮ ಸಂಶೋಧನೆಯ ಆಸಕ್ತಿ ಅವರದ್ದಕ್ಕೆ ಕೂಡಿಬರದಿದ್ದರೆ ಎಷ್ಟೇ ಒಳ್ಳೆ ಮಾರ್ಕ್ಸ್ ಇದ್ದರೂ ಪ್ರಯೋಜನವಿಲ್ಲ. ರ್‍ಯಾಂಕಿಂಗ್ ಪಟ್ಟಿ ನೋಡಿ ಮೇಲಿನಿಂದ ಹತ್ತು ಹೆಸರು ಆರಿಸುವವರು ಇಲ್ಲೇ ಸೋಲುವುದು.

ಕುಂದಾಪ್ರ

ಸೈ.ಡಿ. ಅಂತ ಇನ್ನೊಂದು ಡಿಗ್ರಿ ಇದೆಯಲ್ಲ, ಅದು ಸುಲಭ ಅಂತ ಕೇಳಿದ್ದೇನೆ. ಏಜೆಂಟ್ ಒಬ್ಬರು ಅದನ್ನೇ ಮಾಡಿ ಅಂತ ಹಿಂದೆ ಬಿದ್ದಿದ್ದಾರೆ.

ಮಂಡ್ಯ ಟು ಮಿಡ್‌ವೆಸ್ಟ್

ಹೌದು, ಸೈ.ಡಿ. ಇದೆ. ರಿಸರ್ಚ್‌ಗಿಂತ ಚಿಕಿತ್ಸೆಗೆ ಜಾಸ್ತಿ ಒತ್ತು ಕೊಡುವ ಪದವಿ, 1973ರ ವೇಲ್ ಸಮ್ಮೇಳನದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಲೈಸೆನ್ಸ್ ಅದರಿಂದಲೂ ಸಿಗುತ್ತದೆ, ಒಳ್ಳೆಯ ಕಾರ್ಯಕ್ರಮಗಳೂ ಇವೆ. ಆದರೆ ಹೆಚ್ಚಿನವುಗಳಲ್ಲಿ ಫೀಸು ನಿಮ್ಮದೇ. ನಾಲ್ಕೈದು ವರ್ಷ ಡಾಲರ್‌ನಲ್ಲಿ ಫೀಸು ಕಟ್ಟುವುದೆಂದರೆ ಮನೆ, ಹೊಲ ಅಡ ಇಡುವ ಮಾತು. ಏಜೆಂಟ್‌ಗೆ ಅದರಲ್ಲಿ ಕಮಿಷನ್ ಇರಬಹುದು, ಅವರ ಮಾತಿನ ಮೇಲೆ ಹೋಗಬೇಡಿ.

ಎಪಿಎ, ಅಂದರೆ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್, ಮಾನ್ಯತೆ ಇರುವ ಪ್ರತಿಯೊಂದು ಕಾರ್ಯಕ್ರಮವೂ ತನ್ನ ಅಂಕಿಅಂಶವನ್ನು ವೆಬ್‌ಸೈಟಿನಲ್ಲಿ ಹಾಕಲೇಬೇಕು. ಎಷ್ಟು ವರ್ಷಕ್ಕೆ ಮುಗಿಸುತ್ತಾರೆ, ಎಷ್ಟು ಖರ್ಚು, ಎಷ್ಟು ಜನ ನಡುವೆ ಬಿಟ್ಟುಹೋದರು, ಎಷ್ಟು ಜನರಿಗೆ ಮಾನ್ಯತೆ ಇರುವ ಇಂಟರ್ನ್‌ಶಿಪ್ ಸಿಕ್ಕಿತು, ಎಷ್ಟು ಜನ ಲೈಸೆನ್ಸ್ ಪಡೆದರು, ಎಲ್ಲ ಅದರಲ್ಲಿದೆ. ಬ್ರೋಷರ್‌ನಲ್ಲಿ ನಗುವ ಮುಖಗಳನ್ನು ನೋಡುವ ಬದಲು ಆ ಕೋಷ್ಟಕ ತೆಗೆದು ಓದಿ.

ನಿವೃತ್ತ ಮೇಷ್ಟ್ರು, ಹಾಸನ

ನನ್ನ ಮಗನೂ ಇದೇ ಓದು ಓದುತ್ತಿದ್ದಾನೆ, ಅದಕ್ಕೆ ಕೇಳುತ್ತಿದ್ದೇನೆ. ಸೀಟು ಸಿಗುವ ಮೊದಲು ಎಷ್ಟು ಖರ್ಚು ಬರುತ್ತದೆ? ವೀಸಾದಲ್ಲಿ ಹೋದ ಹುಡುಗನಿಗೆ ಅಲ್ಲಿಯ ಮಕ್ಕಳಿಗೆ ಸಿಗುವುದೆಲ್ಲ ಸಿಗುತ್ತದೆಯೇ?

ಮಂಡ್ಯ ಟು ಮಿಡ್‌ವೆಸ್ಟ್

ಮೇಷ್ಟ್ರೇ, ಎರಡೂ ಕೇಳಲೇಬೇಕಾದ ಪ್ರಶ್ನೆಗಳು. ಪ್ರತಿ ಅರ್ಜಿಗೂ ಶುಲ್ಕ ಬೇರೆ, ಟೋಫೆಲ್ ಅಥವಾ ಅಂಥ ಇಂಗ್ಲಿಷ್ ಪರೀಕ್ಷೆ ಬೇರೆ. ಅಂಕಪಟ್ಟಿಯ ಮೌಲ್ಯಮಾಪನ ಕೇಳುವ ಕಡೆ ಅದಕ್ಕೂ ದುಡ್ಡು. ಹತ್ತು ಕಡೆ ಹಾಕಿದರೆ ಎಲ್ಲ ಸೇರಿ ಲಕ್ಷ ದಾಟುವುದು ಕಷ್ಟವಲ್ಲ. ಕೋವಿಡ್ ನಂತರ ಜಿಆರ್‌ಇ ಪ್ರವೇಶ ಪರೀಕ್ಷೆ ಬೇಡ ಅಂದವರು ಬಹಳ ಮಂದಿ, ಆ ಖರ್ಚು ಉಳಿಯಬಹುದು. ಶುಲ್ಕ ಮನ್ನಾ ಮಾಡಿ ಅಂತ ಇಮೇಲ್ ಬರೆದು ಕೇಳಲು ಸಂಕೋಚ ಬೇಡ. ಕೆಲವರು ವಿದೇಶಿ ವಿದ್ಯಾರ್ಥಿಗಳಿಗೂ ಕೊಡುತ್ತಾರೆ.

ವೀಸಾದ ವಿಷಯದಲ್ಲಿ ನೇರವಾಗಿ ಹೇಳುತ್ತೇನೆ. ಇಲ್ಲ, ಎಲ್ಲವೂ ಸಿಗುವುದಿಲ್ಲ. ಸಂಶೋಧನೆಗೆ ದುಡ್ಡು ಕೊಡುವ ಅಮೆರಿಕ ಸರ್ಕಾರದ ಸಂಸ್ಥೆಗಳಾದ ಎನ್ಐಎಚ್‌ನ ಎಷ್ಟೋ ತರಬೇತಿ ಅನುದಾನಗಳು, ಎನ್‌ಎಸ್‌ಎಫ್‌ನ ಫೆಲೋಶಿಪ್, ಇವೆಲ್ಲ ಅಲ್ಲಿಯ ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ಮೀಸಲು. ಇಂಟರ್ನ್‌ಶಿಪ್‌ಗೆ ದೇಶಾದ್ಯಂತ ಮ್ಯಾಚ್ ನಡೆಯುತ್ತದೆ, ಅಂದರೆ ವಿದ್ಯಾರ್ಥಿಗಳ ಪಟ್ಟಿ, ಆಸ್ಪತ್ರೆಗಳ ಪಟ್ಟಿ ಎರಡನ್ನೂ ಹೊಂದಿಸಿ ಜಾಗ ಕೊಡುತ್ತಾರೆ. ಅದರಲ್ಲಿ ಮಾಜಿ ಸೈನಿಕರ ಆಸ್ಪತ್ರೆಗಳು, ಅಂದರೆ ವಿಎ, ಬಹಳ ದೊಡ್ಡ ಪಾಲು. ಅವರು ನಾಗರಿಕರನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ನನ್ನ ಬ್ಯಾಚಿನವರು ಮ್ಯಾಚ್‌ಗೆ ಪಟ್ಟಿ ಮಾಡುವಾಗ ನಾನು ಹೆಸರಾಂತ ಜಾಗಗಳನ್ನೇ ಒಂದೊಂದಾಗಿ ಹೊಡೆದುಹಾಕಬೇಕಾಯಿತು. ಬೇಜಾರಾಗುತ್ತದೆ. ಮಕ್ಕಳ ಆಸ್ಪತ್ರೆಗಳು, ವಿಶ್ವವಿದ್ಯಾಲಯದ ಮೆಡಿಕಲ್ ಸೆಂಟರ್‌ಗಳು, ಕೌನ್ಸೆಲಿಂಗ್ ಸೆಂಟರ್‌ಗಳು ಉಳಿಯುತ್ತವೆ. ಆದ್ದರಿಂದ ನಿಮ್ಮ ಮಗ ಇಂಟರ್ವ್ಯೂನಲ್ಲಿ ಒಂದು ಪ್ರಶ್ನೆ ಕೇಳಲೇಬೇಕು: ನಿಮ್ಮಲ್ಲಿ ಓದಿದ ವಿದೇಶಿ ವಿದ್ಯಾರ್ಥಿಗಳು ಇಂಟರ್ನ್‌ಶಿಪ್ ಎಲ್ಲಿ ಮಾಡಿದರು? ತಡವರಿಸದೆ ಉತ್ತರ ಕೊಡುವ ಕಾರ್ಯಕ್ರಮ ಒಳ್ಳೆಯದು.

ಗ್ರಂಥಾಲಯದ ಮೂಲೆ

ಇಲ್ಲಿ ಪಿಎಚ್‌ಡಿ ಮಾಡುತ್ತಿರುವವಳ ಮಾತನ್ನೂ ಕೇಳಿ, ಎಲ್ಲರೂ ವಿಮಾನ ಹತ್ತಬೇಕಿಲ್ಲ. 2022ರ ಯುಜಿಸಿ ನಿಯಮದ ಪ್ರಕಾರ ಪಿಎಚ್‌ಡಿಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ನೆಟ್ ಮೂಲಕ ಸಿಗುವ ಸಂಶೋಧನಾ ಫೆಲೋಶಿಪ್, ಅಂದರೆ ಜೆಆರ್‌ಎಫ್ ಬಂದರೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಹಿರಿಯ ಫೆಲೋ (ಎಸ್‌ಆರ್‌ಎಫ್) ಆದಾಗ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಈಗ ಜೆಆರ್‌ಎಫ್ ಬಾರದಿದ್ದರೂ ನೆಟ್ ಅಂಕದ ಮೇಲೆಯೇ ಪಿಎಚ್‌ಡಿ ಪ್ರವೇಶ ಪಡೆಯಬಹುದು. 2024ರ ಜೂನ್‌ನಿಂದ ಆ ವ್ಯವಸ್ಥೆ ಬಂದಿದೆ. ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30.

ನಮ್ಮಲ್ಲಿ ಎಲ್ಲಕ್ಕಿಂತ ಮುಖ್ಯ ಗೈಡ್. ನನ್ನ ಮೊದಲ ಗೈಡ್ ಎರಡು ವರ್ಷ ನನ್ನ ಸಿನಾಪ್ಸಿಸ್ (ಸಂಶೋಧನೆಯ ರೂಪರೇಖೆ) ತೆರೆದೇ ನೋಡಲಿಲ್ಲ. ಸೆಮಿನಾರ್‌ಗಳಿಗೆ ಊಟದ ವ್ಯವಸ್ಥೆ ಮಾಡುವುದು, ಉತ್ತರಪತ್ರಿಕೆ ಎಣಿಸುವುದು ಮಾತ್ರ ನನ್ನ ಕೆಲಸವಾಗಿತ್ತು. ಗೈಡ್ ಬದಲಿಸಿದ ಮೇಲೆ ಕೆಲಸ ಓಡಿತು. ಸೇರುವ ಮೊದಲೇ ಅವರ ಹಳೆಯ ವಿದ್ಯಾರ್ಥಿಗಳಿಗೆ ಫೋನ್ ಮಾಡಿ. ಎಷ್ಟು ವರ್ಷಕ್ಕೆ ಮುಗಿಸಿದಿರಿ, ಪೇಪರ್‌ನಲ್ಲಿ ನಿಮ್ಮ ಹೆಸರು ಮೊದಲು ಬಂತಾ, ಕಷ್ಟ ಅಂದಾಗ ಅವರು ಸಿಕ್ಕರಾ ಅಂತ ಕೇಳಿ. ಹುಡುಗಿಯರು ಇನ್ನೂ ಒಂದೆರಡು ಪ್ರಶ್ನೆ ಕೇಳಬೇಕು, ಯಾವುದು ಅಂತ ಗೊತ್ತಿದೆ.

ಸಾಧನಕೇರಿ

ಎಂ.ಫಿಲ್ ವಿಷಯ ಮುಗಿಸಿಬಿಡುತ್ತೇನೆ, ಗೊಂದಲ ಜಾಸ್ತಿ ಇರುವುದೇ ಅಲ್ಲಿ. ಯುಜಿಸಿ 2022ರಲ್ಲಿ ಎಂ.ಫಿಲ್ ನಿಲ್ಲಿಸಿತು. ಆದರೆ ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್‌ಗೆ ಮಾತ್ರ ವಿನಾಯಿತಿ ಕೊಟ್ಟು 2025-26ರ ಪ್ರವೇಶದವರೆಗೆ ಮಾನ್ಯತೆ ವಿಸ್ತರಿಸಿತು. ಆರ್‌ಸಿಐ ಪಟ್ಟಿಯಲ್ಲಿ ಸೈ.ಡಿ. ಕೂಡ ಇದೆ. ಯಾವುದೇ ಕಾಲೇಜಿಗೆ ಫೀಸು ಕಟ್ಟುವ ಮೊದಲು ಆ ವರ್ಷದ ಪಟ್ಟಿಯನ್ನು ಆರ್‌ಸಿಐ ವೆಬ್‌ಸೈಟಿನಲ್ಲೇ ನೋಡಿ. ಆ ಕೋರ್ಸ್, ಆ ಕಾಲೇಜು, ಎಷ್ಟು ಸೀಟು, ಯಾವ ವರ್ಷದವರೆಗೆ ಅನುಮತಿ, ನಾಲ್ಕನ್ನೂ ನೋಡಿ. ‘ಅನುಮೋದನೆ ಪ್ರಕ್ರಿಯೆಯಲ್ಲಿದೆ’ ಅನ್ನುವ ಕಾಲೇಜಿಗೆ ಕಾಲಿಡಬೇಡಿ.

ನಮ್ಮ ಪುಣ್ಯ, ಒಳ್ಳೆಯ ತರಬೇತಿಗೆ ರಾಜ್ಯ ಬಿಟ್ಟು ಹೋಗಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಗಿ ಶುರುವಾಗಿ 1974ರಲ್ಲಿ ಈಗಿನ ರೂಪಕ್ಕೆ ಬಂತು. ದೇಶದಲ್ಲಿ ಈ ತರಬೇತಿ ಬೇರು ಬಿಟ್ಟಿದ್ದೇ ಅಲ್ಲಿ. ಧಾರವಾಡದ ಡಿಮ್ಹಾನ್ಸ್ ಇದೆ, ಮಣಿಪಾಲ ಇದೆ. ವಾರ್ಡಿನಲ್ಲಿ ರಾತ್ರಿ ಕೇಸ್ ಹಿಸ್ಟರಿ ಬರೆದು, ಬೆಳಿಗ್ಗೆ ಕನ್ಸಲ್ಟೆಂಟ್ ಎದುರು ನಿಂತು ಅದನ್ನು ಒಪ್ಪಿಸಿ, ತಪ್ಪು ತಿದ್ದಿಸಿಕೊಂಡು ಬೆಳೆಯುವ ಆ ಎರಡು ವರ್ಷದ ಬೆಲೆ ಆಮೇಲೆ ಗೊತ್ತಾಗುತ್ತದೆ.

ತುಮಕೂರು ಹುಡುಗಿ, ಈಗ ಇಂಗ್ಲೆಂಡ್

ಬ್ರಿಟನ್ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಚಿಕ್ಕದಾಗಿ. ಇಲ್ಲಿ ಇದು ಡಿಕ್ಲಿನ್‌ಸೈ ಎಂಬ ಮೂರು ವರ್ಷದ ಡಾಕ್ಟರೇಟ್. ಆಯ್ಕೆಯಾದವರು ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಸಂಬಳದ ಟ್ರೈನಿಗಳಾಗಿ ಇರುತ್ತಾರೆ. ಅರ್ಜಿಗಳು ಲೀಡ್ಸ್‌ನ ಕ್ಲಿಯರಿಂಗ್ ಹೌಸ್ ಎಂಬ ಕೇಂದ್ರ ಕಚೇರಿಯ ಮೂಲಕ ಹೋಗುತ್ತವೆ. ಆ ಸಂಬಳದ ಸೀಟುಗಳೆಲ್ಲ ಹೆಚ್ಚೂಕಡಿಮೆ ಇಲ್ಲಿಯ ನಿವಾಸಿಗಳಿಗೆ. ಹೊರಗಿನವರಿಗೆ ಕೆಲವೇ ಕಡೆ ಅವಕಾಶ, ಅದೂ ಸ್ವಂತ ದುಡ್ಡಿನಲ್ಲಿ. ಇಲ್ಲೇ ನೆಲೆಸಿರುವ ಕನ್ನಡದ ಮಕ್ಕಳಿಗೆ ಇದು ಒಳ್ಳೆಯ ದಾರಿ. ಊರಿನಿಂದ ನೇರವಾಗಿ ಬರುವವರು ಇದನ್ನೇ ನಂಬಿಕೊಂಡು ಕೂರಬೇಡಿ.

ದಾವಣಗೆರೆಯವಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓದಿ ತಲೆ ಸ್ವಲ್ಪ ತಿಳಿಯಾಯಿತು. ನನಗೆ ಎರಡೂ ಬೇಕು, ಪರವಾನಗಿಯೂ ಸಂಶೋಧನೆಯೂ. ಇಲ್ಲಿ ಆರ್‌ಸಿಐ ಕೋರ್ಸಿನ ಪ್ರವೇಶ ಪರೀಕ್ಷೆ ಬರೆಯುತ್ತೇನೆ, ಜೊತೆಗೆ ಅಮೆರಿಕಕ್ಕೂ ಕೆಲವು ಅರ್ಜಿ ಹಾಕುತ್ತೇನೆ. ಎಸ್ಒಪಿಯ, ಅಂದರೆ ಅರ್ಜಿಯ ಜೊತೆ ಕೊಡುವ ಉದ್ದೇಶ ಪತ್ರದ, ಮೊದಲ ಪ್ಯಾರಾ ಬರೆದಿದ್ದೇನೆ, ಅದರ ಸಾರಾಂಶ ಇಷ್ಟು. ಭಾರತದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಶೇ 10.6 ವಯಸ್ಕರಿಗೆ ಮಾನಸಿಕ ಸಮಸ್ಯೆ ಇದೆ. ನಾನು ಪಿಯುಸಿಯಲ್ಲಿ ಖಿನ್ನತೆಗೆ ಒಳಗಾಗಿದ್ದೆ, ನನ್ನ ಕೌನ್ಸೆಲರ್ ನನ್ನನ್ನು ಕಾಪಾಡಿದರು. ಅವರ ಹಾಗೆ ನಾನೂ ಜನರಿಗೆ ಸಹಾಯ ಮಾಡಬೇಕು.

ಮಂಡ್ಯ ಟು ಮಿಡ್‌ವೆಸ್ಟ್

ನೀವು ಅದನ್ನು ದಾಟಿ ಇಲ್ಲಿಗೆ ಬಂದಿರುವುದಕ್ಕೆ ನನಗೆ ನಿಜವಾಗಿ ಗೌರವವಿದೆ. ಆದರೂ ಈ ಪ್ಯಾರಾ ತೆಗೆಯಿರಿ. ಅರ್ಜಿಯನ್ನು ಕೆಡಿಸುವ ವಿಷಯಗಳ ಬಗ್ಗೆ 2006ರಲ್ಲಿ ಇಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಪ್ರವೇಶ ಸಮಿತಿಯವರನ್ನೇ ಕೇಳಿ ಬರೆದದ್ದು. ಸ್ವಂತ ಮಾನಸಿಕ ಆರೋಗ್ಯದ ಕಥೆ ಬರೆಯುವುದು ಆ ಪಟ್ಟಿಯಲ್ಲಿತ್ತು. ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕಲಿಸುವವರೇ ಹೀಗೆ ನೋಡುವುದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ, ಈಗೀಗ ಅದರ ವಿರುದ್ಧ ಇಲ್ಲಿ ದನಿಯೂ ಎದ್ದಿದೆ. ಆದರೆ ನಿಮ್ಮ ಅರ್ಜಿ ಓದುವವರು ಯಾರೋ ಗೊತ್ತಿಲ್ಲ. ಆ ಅಪಾಯವನ್ನು ನಿಮ್ಮ ತಲೆಯ ಮೇಲೆ ಹೊತ್ತುಕೊಳ್ಳಬೇಡಿ. ಇನ್ನು 10.6 ಅನ್ನುವ ಸಂಖ್ಯೆ, ನಮ್ಮ ದೇಶದಿಂದ ಬರುವ ಅರ್ಜಿಗಳಲ್ಲಿ ಎಲ್ಲರೂ ಬರೆಯುವ ಸಾಲು.

ನಿಮ್ಮ ಎಂಎಸ್ಸಿ ಪ್ರಬಂಧ ಯಾವುದರ ಮೇಲೆ? ಅದನ್ನು ಹೇಳಿ.

ದಾವಣಗೆರೆಯವಳು

ಸ್ಕಿಜೋಫ್ರೇನಿಯಾ ಇರುವವರನ್ನು ಮನೆಯಲ್ಲಿ ನೋಡಿಕೊಳ್ಳುವವರ ಒತ್ತಡದ ಮೇಲೆ. ಸರ್ಕಾರಿ ಆಸ್ಪತ್ರೆಯ ಓಪಿಡಿಯಲ್ಲಿ ಡೇಟಾ ತೆಗೆದೆ. ಅಷ್ಟೇನೂ ದೊಡ್ಡದಲ್ಲ. ಹಳ್ಳಿಯಿಂದ ಬರುವ ಹೆಂಗಸರು ಪ್ರಶ್ನಾವಳಿಯ ಕೊನೆಯ ಭಾಗ ಖಾಲಿ ಬಿಟ್ಟು ಎದ್ದು ಹೋಗುತ್ತಿದ್ದರು. ಯಾಕೆ ಅಂತ ನೋಡಿದರೆ ಮಧ್ಯಾಹ್ನದ ಬಸ್ ತಪ್ಪಿದರೆ ಅವರಿಗೆ ಸಂಜೆವರೆಗೂ ಬೇರೆ ಬಸ್ ಇಲ್ಲ. ಆಮೇಲೆ ನಾನು ಪ್ರಶ್ನೆಗಳನ್ನು ಎರಡು ಭಾಗ ಮಾಡಿದೆ. ಒಂದು ಭಾಗ ಆವತ್ತೇ, ಉಳಿದದ್ದು ಮಾತ್ರೆ ತೆಗೆದುಕೊಳ್ಳಲು ಮುಂದಿನ ತಿಂಗಳು ಬಂದಾಗ. ಕ್ಯೂನಲ್ಲಿ ಅವರ ಪಕ್ಕದಲ್ಲೇ ಕೂತು ಕೇಳುತ್ತಿದ್ದೆ.

ಮಂಡ್ಯ ಟು ಮಿಡ್‌ವೆಸ್ಟ್

ಇದನ್ನು ಬಿಟ್ಟು ಬೇರೆ ಏನೋ ಬರೆದಿದ್ದೀರಲ್ಲ! ಇದೇ ನಿಮ್ಮ ಮೊದಲ ಪ್ಯಾರಾ. ಉತ್ತರ ಯಾಕೆ ಖಾಲಿ ಉಳಿಯಿತು ಅಂತ ಯೋಚಿಸಿದಿರಿ, ಕಾರಣ ಹುಡುಕಿದಿರಿ, ವಿಧಾನ ಬದಲಿಸಿದಿರಿ. ಪ್ರೊಫೆಸರ್ ಹುಡುಕುವುದು ಇಂಥ ವಿದ್ಯಾರ್ಥಿಯನ್ನೇ. ಎರಡನೇ ಪ್ಯಾರಾದಲ್ಲಿ ಅದರಿಂದ ಹುಟ್ಟಿದ ಪ್ರಶ್ನೆ ಬರೆಯಿರಿ. ಕುಟುಂಬ, ಮನೋರೋಗ, ಆರೋಗ್ಯ ಸೇವೆ ತಲುಪುವುದು, ಇವುಗಳ ಮೇಲೆ ಕೆಲಸ ಮಾಡುವ ಲ್ಯಾಬ್‌ಗಳನ್ನು ಹುಡುಕಿ ಒಂದು ಎಕ್ಸೆಲ್ ಶೀಟ್ ಮಾಡಿ. ಪ್ರೊಫೆಸರ್ ಹೆಸರು, ಇತ್ತೀಚಿನ ಎರಡು ಪೇಪರ್, ಈ ವರ್ಷ ವಿದ್ಯಾರ್ಥಿ ತೆಗೆದುಕೊಳ್ಳುತ್ತಾರಾ, ಡೆಡ್‌ಲೈನ್. ಹೆಚ್ಚಿನವು ಡಿಸೆಂಬರ್ 1ರಿಂದ 15ರೊಳಗೆ ಇರುತ್ತವೆ. ಸೆಪ್ಟೆಂಬರ್‌ನಲ್ಲಿ ಅವರಿಗೆ ಇಮೇಲ್ ಕಳಿಸಿ, ಎಂಟು ಹತ್ತು ಸಾಲಿನೊಳಗೆ. ‘ರೆಸ್ಪೆಕ್ಟೆಡ್ ಸರ್’ ಅಂತ ಶುರುಮಾಡಿ ಪುಟಗಟ್ಟಲೆ ಬರೆಯಬೇಡಿ. ಉತ್ತರ ಬಾರದಿದ್ದರೆ ಬೇಜಾರು ಬೇಡ, ಬಹಳ ಜನ ಯಾರಿಗೂ ಉತ್ತರ ಕೊಡುವುದಿಲ್ಲ.

ಇಂಟರ್ವ್ಯೂ ಜನವರಿಯಿಂದ ಮಾರ್ಚ್‌ವರೆಗೆ, ಹಲವು ಕಡೆ ಜೂಮ್‌ನಲ್ಲಿ. ಪೂರ್ವ ಕರಾವಳಿಯ ಬೆಳಿಗ್ಗೆ 9 ಅಂದರೆ ಆಗ ನಿಮಗೆ ಸಂಜೆ 7.30, ಕ್ಯಾಲಿಫೋರ್ನಿಯಾದ 9 ಅಂದರೆ ರಾತ್ರಿ 10.30. ಇಡೀ ದಿನದ ಇಂಟರ್ವ್ಯೂ ಆದರೆ ಬೆಳಗಿನ ಜಾವದವರೆಗೆ ಹೋಗುತ್ತದೆ. ಮನೆಯವರಿಗೆ ಮೊದಲೇ ಹೇಳಿಡಿ, ಕರೆಂಟ್ ಹೋದರೆ ಮೊಬೈಲ್ ಡೇಟಾ ಸಿದ್ಧವಾಗಿರಲಿ. ಆಫರ್ ಬಂದರೆ ಸಾಮಾನ್ಯವಾಗಿ ಏಪ್ರಿಲ್ 15ರವರೆಗೆ ಯೋಚಿಸಲು ಸಮಯವಿರುತ್ತದೆ, ಯಾರಾದರೂ ಅವಸರ ಮಾಡಿದರೂ ಹೆದರಬೇಡಿ.

ಸಾಧನಕೇರಿ

ತಂಗಿ, ಇದೇ ಬಸ್ಸಿನ ವಿಷಯವನ್ನು ಇಲ್ಲಿಯ ಸಂದರ್ಶನದಲ್ಲೂ ಹೇಳಿ. ಓಪಿಡಿಯಲ್ಲಿ ಕೂತ ಪ್ರತಿಯೊಬ್ಬರಿಗೂ ಅದು ಅರ್ಥವಾಗುತ್ತದೆ. ಮುಂದೆ ಹೊರಗಿನ ಪದವಿ ತಂದು ಇಲ್ಲಿ ಕೆಲಸ ಮಾಡುವ ಯೋಚನೆ ಇದ್ದರೆ ಸಿಲಬಸ್, ಪ್ರಾಕ್ಟಿಕಮ್‌ನ ಗಂಟೆಗಳ ದಾಖಲೆ, ಸೂಪರ್‌ವೈಸರ್ ಸಹಿ ಎಲ್ಲ ಜೋಪಾನವಾಗಿಡಿ. ಆರ್‌ಸಿಐ ಅವನ್ನು ನೋಡಿಯೇ ತೀರ್ಮಾನಿಸುವುದು.

ದಾವಣಗೆರೆಯವಳು

ಅಕ್ಕ, ಕೊನೆಯದಾಗಿ ಒಂದು. ಶಿಫಾರಸು ಪತ್ರ ಕೇಳಿದರೆ ನಮ್ಮ ಸರ್ ‘ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ’ ಅಂದರು. ಏನು ಮಾಡಲಿ?

ಗ್ರಂಥಾಲಯದ ಮೂಲೆ

ಇದು ಎಲ್ಲರ ಮನೆಯ ಕಥೆ, ಅಲ್ವಾ? ಪತ್ರ ಬರೆಯಬೇಡಿ. ನಿಮ್ಮ ಎಸ್ಒಪಿಯ ಭಾಷೆಯೇ ಅದರಲ್ಲೂ ಬಂದರೆ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ಬದಲಿಗೆ ಒಂದು ಪುಟದಲ್ಲಿ ಅವರ ಬಳಿ ಏನೇನು ಓದಿದಿರಿ, ಪ್ರಬಂಧದಲ್ಲಿ ಏನು ತೊಂದರೆ ಬಂತು, ಹೇಗೆ ಬಗೆಹರಿಸಿದಿರಿ ಅಂತ ಬರೆದು ಕೊಡಿ. ‘ಸರ್, ನಿಮಗೆ ನೆನಪಿರಲಿ ಅಂತ ಪಾಯಿಂಟ್ಸ್ ತಂದಿದ್ದೇನೆ, ನೀವು ಹೇಳುತ್ತಾ ಹೋಗಿ, ನಾನು ಟೈಪ್ ಮಾಡುತ್ತೇನೆ’ ಅಂತ ಅವರ ಮುಂದೆಯೇ ಕೂತುಬಿಡಿ. ಅರ್ಧ ಗಂಟೆಯ ಕೆಲಸ, ಹೀಗೆ ಕೇಳಿದರೆ ಇಲ್ಲ ಅನ್ನುವ ಮೇಷ್ಟ್ರು ಕಡಿಮೆ. ಅಪ್‌ಲೋಡ್ ಮಾಡುವ ಲಿಂಕ್ ಅವರ ಕಾಲೇಜಿನ ಇಮೇಲ್‌ಗೇ ಹೋಗಲಿ, ಜಿಮೇಲ್ ಕೊಡಬೇಡಿ. ಡೆಡ್‌ಲೈನ್‌ಗೆ ಒಂದು ವಾರ ಮೊದಲೇ ಒಮ್ಮೆ ಫೋನ್ ಮಾಡಿ ನೆನಪಿಸಿ.